ಪ್ರೊಸೆಸರ್ ಕೂರಿಸುವಾಗ ಬಲ ಎಲ್ಲಿ ಬೇಕು, ಎಲ್ಲಿ ಬೇಡ

ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರು ಹೆಚ್ಚಾಗಿ ಅಂಜುವುದು ಒಂದೇ ಹಂತಕ್ಕೆ: ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಕೂರಿಸಿ, ಅದರ ಮೇಲೆ ಫ್ಯಾನ್ ಬಿಗಿಯುವುದು. ಅಂಜಿಕೆಗೆ ಕಾರಣವಿದೆ. ರ‍್ಯಾಮ್ ಸರಿಯಾಗಿ ಕೂರದಿದ್ದರೆ ತೆಗೆದು ಮತ್ತೆ ಹಾಕಬಹುದು, ಕೇಬಲ್ ತಪ್ಪಿದರೆ ಬದಲಿಸಬಹುದು. ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಿನ್ನುಗಳು ಬಾಗಿದರೆ ಮಾತ್ರ ಬೋರ್ಡೇ ಕೈಬಿಟ್ಟು ಹೋಗಬಹುದು. ಆದರೆ ಕೆಲಸ ಕಷ್ಟದ್ದಲ್ಲ. ಪ್ರೊಸೆಸರನ್ನು ಸಾಕೆಟ್ಟಿಗೆ ಇಳಿಸಲು ಕಿಂಚಿತ್ತೂ ಬಲ ಬೇಡ. ಇಳಿಸಿದ ಮೇಲೆ ಸಾಕೆಟ್ಟಿನ ಲಿವರ್ ಮುಚ್ಚಲು ಮತ್ತು ಕೂಲರ್ (ಫ್ಯಾನ್ ಸಹಿತ ಪ್ರೊಸೆಸರನ್ನು ತಂಪಾಗಿಡುವ ಭಾಗ) ಬಿಗಿಯಲು ಮಾತ್ರ ಬಲ ಬೇಕು. ಪಿನ್ ಬಾಗುವುದು ಬಹುಪಾಲು ಇವೆರಡು ಅದಲುಬದಲಾದಾಗ: ಸುಮ್ಮನೆ ಇಳಿಸಬೇಕಾದಲ್ಲಿ ಒತ್ತುತ್ತಾರೆ, ಒತ್ತಬೇಕಾದಲ್ಲಿ ಹೆದರಿ ಅರ್ಧಕ್ಕೆ ಬಿಡುತ್ತಾರೆ. ಈ ಲೇಖನದಲ್ಲಿ ಪ್ರತಿ ಹಂತದಲ್ಲೂ ಬೆರಳಿಗೆ ಎಷ್ಟು ಕೆಲಸ, ಕಣ್ಣಿಗೆ ಎಷ್ಟು ಕೆಲಸ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಹಣ ಕೊಡುವ ಮುನ್ನ ನೋಡಬೇಕಾದದ್ದು

ಸಾಕೆಟ್ ಹೊಂದಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಇಂಟೆಲ್‌ನ 12, 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಎಲ್‌ಜಿಎ 1700 ಸಾಕೆಟ್ಟಿಗೆ ಸೇರುತ್ತವೆ. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851 ಬೇಕು. ಎಎಂಡಿಯಲ್ಲಿ ರೈಜೆನ್ 5000 ಸರಣಿಯವರೆಗೆ ಎಎಂ4, 7000 ಸರಣಿಯಿಂದ ಈಚೆಗೆ ಎಎಂ5. ಇಂಟೆಲ್ ಸಾಕೆಟ್ಟಿನ ಹೆಸರಿನಲ್ಲಿರುವ ಸಂಖ್ಯೆಯೇ ಅದರ ಸಂಪರ್ಕ ಬಿಂದುಗಳ ಎಣಿಕೆ. ಎಎಂ4ರಲ್ಲಿ ಅವು 1331, ಎಎಂ5ರಲ್ಲಿ 1718. ಒಂದು ಚಿಕ್ಕ ಚೌಕದಲ್ಲಿ ಸಾವಿರಕ್ಕೂ ಹೆಚ್ಚು ಪಿನ್ನುಗಳು ಇರುವುದರಿಂದಲೇ ಇಷ್ಟೆಲ್ಲ ಎಚ್ಚರಿಕೆಯ ಮಾತು.

ಸಾಕೆಟ್ ಹೊಂದಿದರೂ ಬಯೋಸ್ (ಕಂಪ್ಯೂಟರನ್ನು ಶುರು ಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಹೊಂದದೆ ಕಂಪ್ಯೂಟರ್ ಶುರುವಾಗದೆ ಇರಬಹುದು. 12ನೇ ತಲೆಮಾರಿನ ಜೊತೆಗೆ ಬಂದ ಬಿ660 ಬೋರ್ಡಿಗೆ 14ನೇ ತಲೆಮಾರಿನ ಪ್ರೊಸೆಸರ್ ಹಾಕಿದರೆ ಸಾಕೆಟ್ಟಿನಲ್ಲಿ ಸರಿಯಾಗಿಯೇ ಕೂರುತ್ತದೆ, ಹಳೆಯ ಬಯೋಸ್‌ಗೆ ಮಾತ್ರ ಅದರ ಗುರುತು ಸಿಗುವುದಿಲ್ಲ. ಹಳೆಯ ಬಿ450 ಬೋರ್ಡಿಗೆ ರೈಜೆನ್ 5000 ಹಾಕುವಾಗಲೂ ಇದೇ ತೊಡಕು. ಬೋರ್ಡ್ ತಯಾರಕರ ಜಾಲತಾಣದಲ್ಲಿ ಯಾವ ಪ್ರೊಸೆಸರಿಗೆ ಯಾವ ಬಯೋಸ್ ಆವೃತ್ತಿ ಬೇಕು ಎಂಬ ಪಟ್ಟಿ ಇರುತ್ತದೆ, ಅದನ್ನು ನೋಡಿಯೇ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಎರಡನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳುವುದಾದರೆ ಬಯೋಸ್ ಹೊಸದು ಮಾಡಿಕೊಡಲು ಅಲ್ಲೇ ಕೇಳಿ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಬದಲಿಸುವ ಗುಂಡಿ ಹಿಂಬದಿಯಲ್ಲಿ ಇರುತ್ತದೆ. ಹೊಸ ಬೋರ್ಡ್ ಆರಿಸುವಾಗ ಆ ಗುಂಡಿಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ನಷ್ಟವಲ್ಲ ಎಂಬುದು ನನ್ನ ಅಭಿಪ್ರಾಯ.

ಹೆಸರಿನ ಕೊನೆಯ ಅಕ್ಷರವನ್ನೂ ಗಮನಿಸಿ. ಇಂಟೆಲ್‌ನ ‘ಎಫ್’ ಪ್ರೊಸೆಸರ್‌ಗಳಲ್ಲಿ ಒಳಗೇ ಗ್ರಾಫಿಕ್ಸ್ ಇರುವುದಿಲ್ಲ. ರೈಜೆನ್ 5 5600ರಲ್ಲೂ ಇಲ್ಲ, ‘ಜಿ’ ಸೇರಿರುವ 5600ಜಿಯಲ್ಲಿ ಇದೆ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಹಾಕಿ ಮಾನಿಟರ್ ಕೇಬಲನ್ನು ಬೋರ್ಡಿಗೆ ಚುಚ್ಚಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆಗ ಎಲ್ಲೂ ಇಲ್ಲದ ದೋಷವನ್ನು ಹುಡುಕುತ್ತಾ ಸರಿಯಾಗಿ ಕೂತ ಪ್ರೊಸೆಸರನ್ನೇ ಮತ್ತೆ ಮತ್ತೆ ಬಿಚ್ಚುವ ಪರಿಸ್ಥಿತಿ ಬರುತ್ತದೆ.

ಇಂಟೆಲ್‌ನ ‘ಕೆ’ ಮಾದರಿಗಳ ಪೆಟ್ಟಿಗೆಯಲ್ಲಿ ಫ್ಯಾನ್ ಸಿಗದು. ಐ5-12400ರಂತಹವುಗಳ ಚಿಲ್ಲರೆ ಪೆಟ್ಟಿಗೆಯಲ್ಲಿ ಸಿಗುತ್ತದೆ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಮಾರುವ ‘ಟ್ರೇ’ ಪ್ರೊಸೆಸರ್ ಅಗ್ಗವಾಗಿರಬಹುದು, ಆದರೆ ಸಾಮಾನ್ಯವಾಗಿ ಅದರ ವಾರಂಟಿ ಮಾರಿದ ಅಂಗಡಿಯವರದ್ದು. ಎಷ್ಟು ವರ್ಷ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಳೆಯ ಕಂಪ್ಯೂಟರಿನ ಕೂಲರನ್ನು ಹೊಸ ಬೋರ್ಡಿಗೆ ಹಾಕುವ ಯೋಚನೆ ಇದ್ದರೆ ಇದನ್ನು ತಿಳಿದಿರಿ: ಎಲ್‌ಜಿಎ 1156ರಿಂದ 1200ರವರೆಗಿನ ಇಂಟೆಲ್ ಬೋರ್ಡುಗಳಲ್ಲಿ ಕೂಲರ್ ರಂಧ್ರಗಳ ನಡುವೆ 75 ಮಿಲಿಮೀಟರ್ ಅಂತರವಿತ್ತು, 1700ರಲ್ಲಿ ಅದು 78 ಆಗಿದೆ. ಮೂರೇ ಮಿಲಿಮೀಟರ್, ಆದರೂ ಕೂಲರ್ ಬಿಗಿಯುವ ಬೇರೆ ಕಿಟ್ ಇಲ್ಲದೆ ಸೇರುವುದಿಲ್ಲ.

ಮೇಜು, ಬೆಳಕು, ಅರ್ಥಿಂಗ್

ಪ್ರೊಸೆಸರ್ ಮತ್ತು ಕೂಲರನ್ನು ಬೋರ್ಡ್ ಕ್ಯಾಬಿನೆಟ್ಟಿನ ಹೊರಗಿರುವಾಗಲೇ ಕೂರಿಸಿ. ಕ್ಯಾಬಿನೆಟ್ ಒಳಗೆ ಕೈ ಆಡುವುದಿಲ್ಲ, ಬೆಳಕು ಬೀಳುವುದಿಲ್ಲ, ಬೋರ್ಡಿನ ಹಿಂಬದಿ ಕಾಣುವುದಿಲ್ಲ. ಬೋರ್ಡ್ ಬಂದ ರಟ್ಟಿನ ಪೆಟ್ಟಿಗೆಯೇ ಒಳ್ಳೆಯ ಆಧಾರ. ಅದರ ಮೇಲೆ ಬೋರ್ಡ್ ಇಡಿ. ಮಧ್ಯಮ ಗಾತ್ರದ ಸ್ಟಾರ್ ಸ್ಕ್ರೂಡ್ರೈವರ್, ಒಂದು ಟಾರ್ಚ್, ನಯವಾದ ಮೈಕ್ರೋಫೈಬರ್ ಬಟ್ಟೆ, ಹಳೆಯ ಥರ್ಮಲ್ ಪೇಸ್ಟ್ (ಪ್ರೊಸೆಸರಿಗೂ ಕೂಲರಿಗೂ ನಡುವೆ ಹಾಕುವ ಲೇಪ) ತೆಗೆಯಬೇಕಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಇಷ್ಟು ಸಾಕು. ಆಲ್ಕೋಹಾಲ್ ಶೇ 90ಕ್ಕಿಂತ ಹೆಚ್ಚು ಶುದ್ಧವಾಗಿರಲಿ. ಫ್ಯಾನ್ ತಿರುಗುವ ಗಾಳಿಗೆ ಸಣ್ಣ ನೂಲು, ಧೂಳು ಹಾರಿ ಸಾಕೆಟ್ಟಿಗೆ ಬೀಳದಂತೆ ಆ ಹೊತ್ತಿಗೆ ಸೀಲಿಂಗ್ ಫ್ಯಾನ್ ಆರಿಸಿ.

ಸ್ಥಿರ ವಿದ್ಯುತ್ತಿನ ವಿಷಯವನ್ನು ಕೆಲವರು ಅತಿ ಭಯದಿಂದ, ಕೆಲವರು ಉದಾಸೀನದಿಂದ ನೋಡುತ್ತಾರೆ. ಮನುಷ್ಯನ ಬೆರಳಿಗೆ ಚುರ್ ಎನ್ನುವ ಕಿಡಿ ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಚಿಪ್ಪಿನೊಳಗಿನ ಸೂಕ್ಷ್ಮ ಭಾಗಗಳು ಅದಕ್ಕಿಂತ ಎಷ್ಟೋ ಕಡಿಮೆಗೇ ಹಾಳಾಗಬಲ್ಲವು, ಅಂದರೆ ನಮಗೆ ತಿಳಿಯದ ಹಾಗೆಯೇ ಹಾನಿ ಆಗಬಹುದು. ಕಲಬುರಗಿ, ವಿಜಯಪುರ, ರಾಯಚೂರಿನ ಕಡೆಯ ಒಣಹವೆಯ ತಿಂಗಳುಗಳಲ್ಲಿ, ಸಿಂಥೆಟಿಕ್ ಬಟ್ಟೆ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೂ, ಕರಾವಳಿಯ ಮಳೆಗಾಲದ ತೇವದಲ್ಲಿ ಮಾಡುವ ಕೆಲಸಕ್ಕೂ ಬಹಳ ವ್ಯತ್ಯಾಸವಿದೆ. ಒಣ ಊರಿನವರು ಹೆಚ್ಚು ಜಾಗರೂಕರಾಗಿರಬೇಕು. ಹತ್ತಿ ಬಟ್ಟೆ ತೊಡಿ, ಸ್ವೆಟರ್ ತೆಗೆದಿಡಿ.

ಮಾಡಬೇಕಾದದ್ದು ಸರಳ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ಮೂರು ಪಿನ್ನಿನ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಹಾಕಿ, ಗೋಡೆಯ ಸ್ವಿಚ್ಚನ್ನೂ ಎಸ್‌ಎಂಪಿಎಸ್‌ನ ಸ್ವಿಚ್ಚನ್ನೂ ಆರಿಸಿಯೇ ಇಡಿ. ಗೋಡೆಯ ಸ್ವಿಚ್ ಕತ್ತರಿಸುವುದು ಫೇಸ್ ತಂತಿಯನ್ನು ಮಾತ್ರ, ಅರ್ಥ್ ತಂತಿ ಜೋಡಿಸಿಕೊಂಡೇ ಇರುತ್ತದೆ. ಹೀಗಿಟ್ಟ ಎಸ್‌ಎಂಪಿಎಸ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಪ್ರೊಸೆಸರ್ ಮುಟ್ಟುವ ಮೊದಲು, ಮತ್ತು ಜಾಗ ಬಿಟ್ಟು ಎದ್ದು ಬಂದಾಗಲೆಲ್ಲ, ಒಮ್ಮೆ ಮುಟ್ಟಿ. ಈ ಉಪಾಯ ಫಲಿಸುವುದು ಮನೆಯಲ್ಲಿ ಅರ್ಥಿಂಗ್ ನಿಜವಾಗಿ ಇದ್ದಾಗ. ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಹಿಂದೆ ಅರ್ಥ್ ತಂತಿಯೇ ಇರದಿರಬಹುದು. ಅನುಮಾನವಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷಿಸಿಸಿ, ಏಕೆಂದರೆ ಅದು ಕಂಪ್ಯೂಟರಿಗಿಂತ ಮೊದಲು ಮನೆಮಂದಿಯ ಸುರಕ್ಷತೆಯ ಪ್ರಶ್ನೆ. ಮೈಯ ಸ್ಥಿರ ವಿದ್ಯುತ್ತನ್ನು ಅರ್ಥ್‌ಗೆ ಹರಿಸುವ ಮಣಿಕಟ್ಟಿನ ಪಟ್ಟಿ ಬಳಸುವುದಾದರೆ ಅಂಗಡಿಯಲ್ಲಿ ಸಿಗುವ ಸರಿಯಾದ ಪಟ್ಟಿಯನ್ನೇ ಕೊಳ್ಳಿ. ಅದರ ತಂತಿಯೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ ಇನ್ನೊಂದು ಕೈ ವಿದ್ಯುತ್ ಹರಿಯುವ ಕಡೆ ತಗುಲಿದರೆ ದೇಹದ ಮೂಲಕ ಹೆಚ್ಚು ಕರೆಂಟ್ ಹರಿಯದಂತೆ ತಡೆಯುವುದು ಅದೇ. ಬರಿಯ ತಾಮ್ರದ ತಂತಿಯನ್ನು ಕೈಗೆ ಸುತ್ತಿಕೊಂಡು ಅರ್ಥ್‌ಗೆ ಜೋಡಿಸುವುದು ಅಪಾಯ, ಎಂದಿಗೂ ಮಾಡಬೇಡಿ.

ಇಂಟೆಲ್ ಮತ್ತು ಎಎಂ5: ಪಿನ್ನುಗಳು ಬೋರ್ಡಿನಲ್ಲಿ

ಇಂಟೆಲ್ 2004ರಲ್ಲಿ ಎಲ್‌ಜಿಎ 775ರೊಂದಿಗೆ ಡೆಸ್ಕ್‌ಟಾಪ್ ಪ್ರೊಸೆಸರಿನ ಪಿನ್ನುಗಳನ್ನು ಬೋರ್ಡಿನ ಸಾಕೆಟ್ಟಿಗೆ ವರ್ಗಾಯಿಸಿತು. ಎಎಂಡಿ 2022ರಲ್ಲಿ ಎಎಂ5ರೊಂದಿಗೆ ಅದೇ ದಾರಿ ಹಿಡಿಯಿತು. ಇಂಥ ಪ್ರೊಸೆಸರಿನ ಅಡಿಯಲ್ಲಿ ಚಪ್ಪಟೆಯಾದ ಚಿನ್ನದ ಬಣ್ಣದ ಬಿಂದುಗಳಷ್ಟೇ ಇರುತ್ತವೆ. ನಾಜೂಕು ಭಾಗ ಬೋರ್ಡಿನಲ್ಲಿದೆ.

ಲಿವರನ್ನು ಮೊದಲು ಕೆಳಕ್ಕೆ ಒತ್ತಿ, ಕೊಕ್ಕೆಯಿಂದ ಹೊರಕ್ಕೆ ಸರಿಸಿ, ನಿಧಾನವಾಗಿ ಮೇಲೆತ್ತಿ. ಕೈಬಿಟ್ಟರೆ ಚಿಮ್ಮುತ್ತದೆ, ಹಿಡಿದೇ ಎತ್ತಿ. ಆಮೇಲೆ ಲೋಹದ ಚೌಕಟ್ಟು ತೆರೆದುಕೊಳ್ಳುತ್ತದೆ. ಚೌಕಟ್ಟಿಗೆ ಅಂಟಿಕೊಂಡಿರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಹಾಗೆಯೇ ಬಿಡಿ. ಬೆರಳಿನಿಂದ ಕೀಳಲು ಹೋದಾಗ ಅದು ಜಾರಿ ಪಿನ್ನುಗಳ ಮೇಲೆ ಬೀಳಬಹುದು. ಕೊನೆಯಲ್ಲಿ ಚೌಕಟ್ಟು ಮುಚ್ಚುವಾಗ ತಾನಾಗಿಯೇ ಮೇಲೆದ್ದು ಬರುತ್ತದೆ.

ಈಗ ಪಿನ್ನುಗಳನ್ನು ನೋಡುವ ಸಮಯ. ಈ ಹಂತವನ್ನು ಬಹಳಷ್ಟು ಮಂದಿ ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದರೆ ಸಾಲುಗಳು ಒಂದೇ ಸಮನೆ ಮಿನುಗಬೇಕು. ಎಲ್ಲಾದರೂ ಒಂದು ಚುಕ್ಕೆ ಬೇರೆ ದಿಕ್ಕಿಗೆ ಹೊಳೆದರೆ, ಅಥವಾ ಸಾಲಿನಲ್ಲಿ ತೆರಪು ಕಂಡರೆ, ಅಲ್ಲಿಗೇ ನಿಲ್ಲಿಸಿ ಅಂಗಡಿಗೆ ಒಯ್ಯಿರಿ. ದೋಷ ಕಾಣದಿದ್ದರೂ ಮೊಬೈಲಿನಲ್ಲಿ ಹತ್ತಿರದಿಂದ ಎರಡು ಮೂರು ಚಿತ್ರ ತೆಗೆದಿಟ್ಟುಕೊಳ್ಳಿ. ಪಿನ್ ಬಾಗಿದ್ದಕ್ಕೆ ವಾರಂಟಿ ಸಿಗುವುದು ತೀರಾ ವಿರಳ. ಬೋರ್ಡ್ ನಿಮ್ಮ ಕೈ ಸೇರಿದಾಗ ಹೇಗಿತ್ತು ಎಂಬುದಕ್ಕೆ ಆ ಚಿತ್ರಗಳೇ ಸಾಕ್ಷಿ. ಪಿನ್ನುಗಳ ಮೇಲೆ ಧೂಳಿನ ಕಣ ಕಂಡರೆ ಬಟ್ಟೆ, ಹತ್ತಿ, ಬ್ರಷ್ ಯಾವುದನ್ನೂ ತಾಗಿಸಬೇಡಿ. ಒಂದೇ ಒಂದು ನೂಲೆಳೆ ಸಿಕ್ಕಿಕೊಂಡರೂ ನಾಲ್ಕು ಪಿನ್ನುಗಳನ್ನು ಎಳೆದುಬಿಡುತ್ತದೆ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಊದುಗ ಇದಕ್ಕೆ ತಕ್ಕದ್ದು.

ಪ್ರೊಸೆಸರನ್ನು ಎರಡು ಅಂಚುಗಳಲ್ಲಿ ಮಾತ್ರ ಹಿಡಿದು ಹೊರತೆಗೆಯಿರಿ. ಅಡಿಯ ಬಿಂದುಗಳಿಗೆ ಬೆರಳು ತಾಗಿ ಬೆವರಿನ ಎಣ್ಣೆ ಅಂಟಿದರೆ ಆಲ್ಕೋಹಾಲ್ ತಾಕಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಮೇಲ್ಭಾಗದಲ್ಲಿ ಕೆತ್ತಿರುವ ಮಾದರಿ ಮತ್ತು ಕ್ರಮಸಂಖ್ಯೆಗಳ ಚಿತ್ರವನ್ನೂ ಈಗಲೇ ತೆಗೆಯಿರಿ. ಪೇಸ್ಟ್ ಬಿದ್ದ ಮೇಲೆ ಅದು ಕಾಣಿಸದು.

ಪ್ರೊಸೆಸರಿನ ಒಂದು ಮೂಲೆಯಲ್ಲಿ ಚಿಕ್ಕ ತ್ರಿಕೋನವಿದೆ. ಸಾಕೆಟ್ಟಿನ ಒಂದು ಮೂಲೆಯಲ್ಲೂ ಅಂಥದ್ದೇ ಗುರುತಿದೆ. ಎರಡೂ ಒಂದೇ ಮೂಲೆಗೆ ಬರಬೇಕು. ಅಂಚುಗಳಲ್ಲಿರುವ ಕಚ್ಚುಗಳು ಸಾಕೆಟ್ಟಿನ ಉಬ್ಬುಗಳಿಗೆ ಹೊಂದಬೇಕು. ಅಕ್ಷರಗಳು ಯಾವ ಕಡೆ ಓದಿಸಿಕೊಳ್ಳುತ್ತವೆ ಎಂಬುದನ್ನು ನಂಬಬೇಡಿ, ತ್ರಿಕೋನವನ್ನೇ ನಂಬಿ. ಹೊಂದಿಸಿಕೊಂಡು ನೇರವಾಗಿ ಕೆಳಗಿಳಿಸಿ. ಒಂದು ಅಂಚನ್ನು ಮೊದಲು ಊರಿ ಇನ್ನೊಂದನ್ನು ಜಾರಿಸುವುದು ಬೇಡ. ಬಿಟ್ಟ ಮೇಲೆ ಅದು ನಾಲ್ಕೂ ಕಡೆ ಸಮನಾಗಿ ಕೂತಿರಬೇಕು. ಓರೆಯಾಗಿದ್ದರೆ ಬೆರಳಿನಿಂದ ತಳ್ಳಿ ಸರಿಮಾಡಲು ಹೋಗಬೇಡಿ. ನೇರವಾಗಿ ಮೇಲೆತ್ತಿ, ಮತ್ತೆ ಇಳಿಸಿ. ಸರಿಯಾಗಿ ಕೂತ ಪ್ರೊಸೆಸರನ್ನು ಮೇಲಿನಿಂದ ಒತ್ತುವ ಅಗತ್ಯ ಎಲ್ಲೂ ಇಲ್ಲ.

ಬಲದ ಕೆಲಸ ಈಗ ಬರುತ್ತದೆ. ಚೌಕಟ್ಟನ್ನು ಮುಚ್ಚಿ, ಲಿವರನ್ನು ಕೆಳಗೆ ತನ್ನಿ. ಎಲ್‌ಜಿಎ 1700ರಲ್ಲಿ ಚೌಕಟ್ಟಿನ ಮೂಗು ಸ್ಕ್ರೂ ತಲೆಯ ಅಡಿಗೆ ಸೇರಿದೆಯೇ ಎಂದು ನೋಡಿಕೊಳ್ಳಿ. ಲಿವರ್ ಬಿಗಿಯಾಗುತ್ತಾ ಹೋಗುತ್ತದೆ, ಕಿರ್ ಎನ್ನುವ ಸದ್ದು ಬರಬಹುದು, ಮುಚ್ಚಳ ಪಟ್ಟೆಂದು ಎದ್ದು ಬರುತ್ತದೆ. ಮೊದಲ ಸಲ ಮಾಡುವವರ ಎದೆ ಹೊಡೆದುಕೊಳ್ಳುವುದು ಇಲ್ಲಿಯೇ. ಇದೆಲ್ಲ ಸಹಜ: ಸಾವಿರಾರು ಸ್ಪ್ರಿಂಗಿನಂತಹ ಪಿನ್ನುಗಳನ್ನು ಏಕಕಾಲಕ್ಕೆ ಅದುಮಲು ಅಷ್ಟು ಒತ್ತಡ ಬೇಕೇ ಬೇಕು. ಪ್ರೊಸೆಸರ್ ಸಮನಾಗಿ ಕೂತದ್ದನ್ನು ಮೊದಲೇ ನೋಡಿದ್ದೀರಿ, ಆದ್ದರಿಂದ ಹಿಂಜರಿಯದೆ ಲಿವರನ್ನು ಕೊಕ್ಕೆಯೊಳಗೆ ಸೇರಿಸಿ. ಎದ್ದು ಬಂದ ಮುಚ್ಚಳವನ್ನು ಬೋರ್ಡಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ. ಮುಂದೆ ಬೋರ್ಡನ್ನು ವಾರಂಟಿಗೆ ಕಳಿಸುವಾಗ ಅದನ್ನು ಹಾಕಿಯೇ ಕಳಿಸಬೇಕು.

ಎಲ್‌ಜಿಎ 1700ರ ಚೌಕಟ್ಟು ಉದ್ದನೆಯ ಪ್ರೊಸೆಸರಿನ ನಡುಭಾಗವನ್ನು ಅದುಮಿ ಅದನ್ನು ಕೊಂಚ ಬಾಗಿಸುತ್ತದೆ ಎಂಬ ಮಾತು ನಿಜ. ಅದಕ್ಕೆ ಬದಲಿ ಚೌಕಟ್ಟುಗಳೂ ಮಾರುಕಟ್ಟೆಯಲ್ಲಿವೆ. ಐ5 ಮಟ್ಟದ ಪ್ರೊಸೆಸರಿಗೆ ಅದರ ಗೋಜು ಬೇಡವೆಂದೇ ನನ್ನ ಸಲಹೆ. ಕೆಲವು ಡಿಗ್ರಿಗಳ ಆಸೆಗೆ ಪಿನ್ನುಗಳನ್ನು ತೆರೆದಿಟ್ಟುಕೊಂಡು ಸಾಕೆಟ್ಟಿನ ಸ್ಕ್ರೂ ಬಿಚ್ಚುವುದು ಮೊದಲ ಸಲ ಜೋಡಿಸುವವರ ಕೆಲಸವಲ್ಲ.

ಎಎಂ4: ಪಿನ್ನುಗಳು ಪ್ರೊಸೆಸರಿನಲ್ಲಿ

ಇಲ್ಲಿ ಲೋಹದ ಚೌಕಟ್ಟಿಲ್ಲ, ಪಕ್ಕದಲ್ಲೊಂದು ಲಿವರ್ ಮಾತ್ರ. ಅದನ್ನು ನೆಟ್ಟಗೆ ನಿಲ್ಲಿಸಿ, ಚಿನ್ನದ ಬಣ್ಣದ ತ್ರಿಕೋನಗಳನ್ನು ಹೊಂದಿಸಿ, ಪ್ರೊಸೆಸರನ್ನು ಇಳಿಸಿ. ಪಿನ್ನುಗಳು ತಮ್ಮ ಭಾರಕ್ಕೇ ರಂಧ್ರಗಳಿಗೆ ಇಳಿಯಬೇಕು. ಇಳಿಯದಿದ್ದರೆ ಮೂಲೆ ತಪ್ಪಿದೆ, ಅಥವಾ ಒಂದು ಪಿನ್ ಬಾಗಿದೆ. ಬದಿಯಿಂದ ನೋಡಿದರೆ ಪ್ರೊಸೆಸರಿಗೂ ಸಾಕೆಟ್ಟಿಗೂ ನಡುವೆ ಸಂದು ಇರಬಾರದು. ಲಿವರ್ ಇಳಿಸುವಾಗ ಪ್ರೊಸೆಸರ್ ಮೇಲೇಳದಂತೆ ಒಂದು ಬೆರಳನ್ನು ಹಗುರವಾಗಿ ಇಟ್ಟುಕೊಳ್ಳಬಹುದು.

ಬಾಗಿದ ಪಿನ್ನನ್ನು ಈ ಬಗೆಯ ಪ್ರೊಸೆಸರಿನಲ್ಲಿ ನೆಟ್ಟಗೆ ಮಾಡಲು ಸಾಧ್ಯವಿದೆ. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯನ್ನು ಪಿನ್ನಿಗೆ ತೊಡಿಸಿ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಅತ್ತಿತ್ತ ಹಲವು ಸಲ ಬಾಗಿಸಿದರೆ ಮುರಿಯುತ್ತದೆ. ಬೋರ್ಡಿನ ಸಾಕೆಟ್ಟಿನಲ್ಲಿ ಪಿನ್ ಬಾಗಿದ್ದರೆ ಮಾತ್ರ ಮನೆಯಲ್ಲಿ ಪ್ರಯತ್ನ ಬೇಡ. ಅದಕ್ಕೆ ಭೂತಗನ್ನಡಿ, ಸೂಕ್ಷ್ಮ ಚಿಮುಟ, ಪಳಗಿದ ಕೈ ಮೂರೂ ಬೇಕು.

ಪೇಸ್ಟ್ ಎಷ್ಟು?

ಪ್ರೊಸೆಸರಿನ ಲೋಹದ ಮೇಲ್ಮೈಯೂ ಕೂಲರಿನ ತಳವೂ ಕಣ್ಣಿಗೆ ಸಪಾಟು. ನಿಜದಲ್ಲಿ ಎರಡರ ನಡುವೆ ಸೂಕ್ಷ್ಮ ತಗ್ಗುಗಳು ಉಳಿದು, ಅವುಗಳಲ್ಲಿ ಗಾಳಿ ನಿಲ್ಲುತ್ತದೆ. ಗಾಳಿ ಶಾಖವನ್ನು ಸಾಗಿಸುವುದರಲ್ಲಿ ಅತ್ಯಂತ ದುರ್ಬಲ. ಥರ್ಮಲ್ ಪೇಸ್ಟ್ ಗಾಳಿಗಿಂತ ನೂರಾರು ಪಟ್ಟು ಮೇಲು, ಆದರೆ ತಾಮ್ರಕ್ಕೆ ಹೋಲಿಸಿದರೆ ಅದೂ ಹತ್ತಾರು ಪಟ್ಟು ಹಿಂದೆ. ಅದರ ಕೆಲಸ ತಗ್ಗುಗಳನ್ನು ತುಂಬುವುದಷ್ಟೇ. ದಪ್ಪಗೆ ಬಳಿದರೆ ಲೋಹ ಲೋಹಕ್ಕೆ ಹತ್ತಿರವಾಗುವುದನ್ನೇ ಅದು ತಡೆಯುತ್ತದೆ.

ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಬಂದ ಹೊಸ ಕೂಲರಿನ ತಳದಲ್ಲಿ ಬೂದು ಬಣ್ಣದ ಪೇಸ್ಟ್ ಮೊದಲೇ ಇರುತ್ತದೆ. ಅದನ್ನು ಮುಟ್ಟಬೇಡಿ, ಅದರ ಮೇಲೆ ಇನ್ನಷ್ಟು ಹಾಕಬೇಡಿ. ಪೇಸ್ಟ್ ಇಲ್ಲದ ಕೂಲರ್ ಆದರೆ ಪ್ರೊಸೆಸರಿನ ನಡುವೆ ತೊಗರಿ ಬೇಳೆಯಷ್ಟು ಹಾಕಿ. ಎಲ್‌ಜಿಎ 1700ರ ಪ್ರೊಸೆಸರ್ 45 ಮಿಲಿಮೀಟರ್ ಉದ್ದ, 37.5 ಮಿಲಿಮೀಟರ್ ಅಗಲ ಇರುವುದರಿಂದ ಉದ್ದಕ್ಕೆ ಒಂದು ಸಣ್ಣ ಗೆರೆ ಎಳೆದರೆ ಮೂಲೆಗಳಿಗೂ ತಲುಪುತ್ತದೆ. ಹರಡುವುದು ಬೇಕಿಲ್ಲ, ಕೂಲರಿನ ಒತ್ತಡವೇ ಹರಡುತ್ತದೆ. ಎಎಂ5 ಪ್ರೊಸೆಸರಿನ ಅಂಚಿನಲ್ಲಿ ಕಚ್ಚುಗಳ ನಡುವೆ ಪುಟ್ಟ ಬಿಡಿಭಾಗಗಳಿವೆ. ಸಾಮಾನ್ಯ ಪೇಸ್ಟ್ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ಅಲ್ಲಿಗೆ ಸ್ವಲ್ಪ ಸೋರಿದರೂ ಭಯವಿಲ್ಲ, ಒರೆಸುವುದು ಮಾತ್ರ ಪ್ರಯಾಸ. ‘ಲಿಕ್ವಿಡ್ ಮೆಟಲ್’ ಎಂದು ಮಾರುವ ಗ್ಯಾಲಿಯಂ ಮಿಶ್ರಣ ಬೇರೆಯದೇ ವಸ್ತು. ಅದು ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಂ ತಳವನ್ನು ತಿನ್ನುತ್ತದೆ. ಹೊಸಬರು ಅದರಿಂದ ದೂರವಿರಬೇಕು.

ಬಿಡಿಯಾಗಿ ಕೊಂಡ ಕೂಲರಿನ ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಬಿಗಿಯುವ ಮುನ್ನ ಕಿತ್ತು ಹಾಕಿ. ಕಂಪ್ಯೂಟರ್ ವಿಪರೀತ ಬಿಸಿಯಾಗುತ್ತಿದೆ ಎಂದು ಬರುವ ದೂರುಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಈ ಹಾಳೆಯದ್ದೇ.

ಕೂಲರ್ ಬಿಗಿಯುವುದು

ಇಂಟೆಲ್ ಪೆಟ್ಟಿಗೆಯ ಫ್ಯಾನಿಗೆ ನಾಲ್ಕು ಒತ್ತುಗೂಟಗಳಿವೆ. ಅವುಗಳ ತಲೆಯ ಮೇಲಿನ ಬಾಣದ ಗುರುತು ಬಿಚ್ಚುವ ದಿಕ್ಕನ್ನು ತೋರಿಸುತ್ತದೆ, ಕೂರಿಸುವ ದಿಕ್ಕನ್ನಲ್ಲ. ಆದ್ದರಿಂದ ಕೂರಿಸುವ ಮುನ್ನ ನಾಲ್ಕನ್ನೂ ಬಾಣಕ್ಕೆ ವಿರುದ್ಧವಾಗಿ ಕೊನೆಯವರೆಗೆ ತಿರುಗಿಸಿಡಿ. ತಂತಿ ‘ಸಿಪಿಯು ಫ್ಯಾನ್’ ಎಂದು ಅಚ್ಚಾಗಿರುವ ಕಡೆಗೆ ತಲುಪುವಂತೆ ಕೂಲರ್ ತಿರುಗಿಸಿ, ನಾಲ್ಕೂ ಗೂಟಗಳ ತುದಿಗಳು ರಂಧ್ರಗಳಿಗೆ ಇಳಿದದ್ದನ್ನು ನೋಡಿ. ನಂತರ ಎದುರುಬದುರು ಮೂಲೆಗಳ ಎರಡು ಗೂಟಗಳನ್ನು ಎರಡು ಹೆಬ್ಬೆರಳುಗಳಿಂದ ಒಟ್ಟಿಗೆ ಒತ್ತಿ. ಕ್ಲಿಕ್ ಎನ್ನುವವರೆಗೆ ಒತ್ತಲೇಬೇಕು, ಬೋರ್ಡ್ ಸ್ವಲ್ಪ ಬಾಗಿದಂತೆ ಕಾಣುತ್ತದೆ. ಆಮೇಲೆ ಉಳಿದೆರಡು. ಒಂದೇ ಬದಿಯ ಎರಡನ್ನು ಮೊದಲು ಒತ್ತಿದರೆ ಇನ್ನೊಂದು ಬದಿ ಮೇಲೆದ್ದು ಗೂಟಗಳು ಸರಿಯಾಗಿ ಸೇರುವುದಿಲ್ಲ.

ಕಿವಿಯನ್ನು ನಂಬಿ ಇಲ್ಲಿಗೆ ನಿಲ್ಲಿಸಬೇಡಿ. ಬೋರ್ಡನ್ನು ಎತ್ತಿ ಹಿಂಬದಿ ನೋಡಿ. ಪ್ರತಿ ರಂಧ್ರದಿಂದಲೂ ಪ್ಲಾಸ್ಟಿಕ್ ತುದಿ ಪೂರ್ತಿ ಹೊರಬಂದು, ಅದರ ಸೀಳನ್ನು ನಡುವಿನ ಕಡ್ಡಿ ಅಗಲಿಸಿರಬೇಕು. ಮೂರು ಸರಿಯಾಗಿದ್ದು ಒಂದು ಅರ್ಧ ಸೇರಿದ್ದರೆ ಕೂಲರ್ ಓರೆಯಾಗಿ ಕೂತು ಪ್ರೊಸೆಸರಿನ ಒಂದು ಮೂಲೆ ಸುಡುತ್ತದೆ. ಹೊರಗಿಟ್ಟೇ ಕೆಲಸ ಮಾಡಿ ಎಂದು ಹೇಳಿದ್ದಕ್ಕೆ ಮುಖ್ಯ ಕಾರಣ ಇದೇ.

ಎಎಂಡಿಯ ರೇತ್ ಸ್ಟೆಲ್ತ್ ಕೂಲರಿಗೆ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂಗಳಿವೆ. ಅದನ್ನು ಹಾಕಲು ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು. ಎಎಂ4 ಬೋರ್ಡಿನಲ್ಲಿ ಅವುಗಳ ಸ್ಕ್ರೂ ಬಿಚ್ಚಿದ ಕೂಡಲೇ ಹಿಂಬದಿಯ ಲೋಹದ ಫಲಕ ಕಳಚಿ ಬೀಳುತ್ತದೆ, ಒಂದು ಕೈಯಿಂದ ಹಿಡಿದುಕೊಳ್ಳಿ. ಕೂಲರಿನ ಸ್ಕ್ರೂಗಳು ಸೇರಬೇಕಾದದ್ದು ಅದಕ್ಕೇ. ಎಎಂ5ರಲ್ಲಿ ಫಲಕ ಸಾಕೆಟ್ಟಿಗೇ ಬಿಗಿದಿರುವುದರಿಂದ ಆ ಕಷ್ಟವಿಲ್ಲ. ನಾಲ್ಕು ಸ್ಕ್ರೂಗಳನ್ನೂ ಮೊದಲು ಎರಡೆರಡು ಸುತ್ತು ಹಿಡಿಸಿ, ನಂತರ ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಿ. ಸ್ಕ್ರೂ ತಾನಾಗಿ ನಿಂತಾಗ ನಿಲ್ಲಿಸಿ, ಅದಕ್ಕಿಂತ ಮುಂದೆ ತಿರುಗಿಸಲು ಹೆಣಗಬೇಡಿ.

ಗೋಪುರದಂತಹ ದೊಡ್ಡ ಕೂಲರ್ ಕೊಂಡಿದ್ದರೆ ಎತ್ತರ ನೋಡಿದ್ದೀರಿ ತಾನೆ? ಡೀಪ್‌ಕೂಲ್ ಎಕೆ400 ಸುಮಾರು 155 ಮಿಲಿಮೀಟರ್ ಎತ್ತರವಿದೆ. ಕಿರಿದಾದ ಕ್ಯಾಬಿನೆಟ್ಟಿನಲ್ಲಿ ಬದಿಯ ಬಾಗಿಲು ಮುಚ್ಚದೆ ಹೋಗಬಹುದು. ಫ್ಯಾನಿನ ಹಿಂಬದಿಯಲ್ಲಿ ಮೋಟಾರನ್ನು ಹಿಡಿದಿರುವ ಕಡ್ಡಿಗಳಿರುತ್ತವೆ, ಗಾಳಿ ಹೊರಬೀಳುವುದು ಆ ಕಡೆಗೆ. ಆ ಬದಿ ಕ್ಯಾಬಿನೆಟ್ಟಿನ ಹಿಂಭಾಗಕ್ಕೆ ಮುಖ ಮಾಡಿದ್ದರೆ ಬಿಸಿಗಾಳಿ ನೇರ ಹೊರಗೆ ಹೋಗುತ್ತದೆ.

ಕೊನೆಗೆ ಫ್ಯಾನಿನ ಕೇಬಲನ್ನು ‘ಸಿಪಿಯು ಫ್ಯಾನ್’ ಪಿನ್ನುಗಳಿಗೆ ಹಾಕಿ. ನಾಲ್ಕು ಪಿನ್ನುಗಳಲ್ಲಿ ಒಂದು ಗ್ರೌಂಡ್ (ವಿದ್ಯುತ್ ಮರಳುವ ದಾರಿ), ಒಂದು 12 ವೋಲ್ಟ್, ಮೂರನೆಯದು ವೇಗವನ್ನು ವರದಿ ಮಾಡುತ್ತದೆ, ನಾಲ್ಕನೆಯದು ವೇಗವನ್ನು ನಿಯಂತ್ರಿಸುತ್ತದೆ. ಕ್ಯಾಬಿನೆಟ್ ಫ್ಯಾನಿನ ಪಿನ್ನುಗಳಿಗೆ ಹಾಕಿದರೂ ಅದು ತಿರುಗುತ್ತದೆ, ಆದರೆ ಬಹಳಷ್ಟು ಬೋರ್ಡುಗಳು ಪ್ರೊಸೆಸರ್ ಫ್ಯಾನ್ ಕಾಣುತ್ತಿಲ್ಲ ಎಂದು ಎಚ್ಚರಿಸಿ ಅಲ್ಲಿಯೇ ನಿಲ್ಲುತ್ತವೆ. ಕೇಬಲ್ ರೆಕ್ಕೆಗಳಿಗೆ ತಾಗದಂತೆ ಕಟ್ಟಿ.

ಮೊದಲ ಬಾರಿ ಚಾಲೂ ಮಾಡುವಾಗ

ಕ್ಯಾಬಿನೆಟ್ಟಿಗೆ ಇಳಿಸುವ ಮುನ್ನವೇ ಪರೀಕ್ಷಿಸಿ. ಒಂದು ರ‍್ಯಾಮ್ ಸಾಕು. ನಾಲ್ಕು ಸ್ಲಾಟ್ ಇದ್ದರೆ ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಎರಡನೆಯದು. ಎಸ್‌ಎಂಪಿಎಸ್‌ನ 24 ಪಿನ್ನಿನ ದೊಡ್ಡ ಕೇಬಲ್ ಜೊತೆಗೆ ಸಾಕೆಟ್ಟಿನ ಪಕ್ಕದ ಮೂಲೆಗೆ ಹೋಗುವ 8 ಪಿನ್ನಿನ ಕೇಬಲನ್ನೂ ಹಾಕಬೇಕು. ಪ್ರೊಸೆಸರಿಗೆ ವಿದ್ಯುತ್ ಬರುವುದು ಅದರಿಂದ. ಕೂಲರ್ ಇಲ್ಲದೆ ‘ಒಂದು ಕ್ಷಣ ನೋಡೋಣ’ ಎಂದು ಚಾಲೂ ಮಾಡುವ ಅಭ್ಯಾಸ ಬೇಡ.

ಚಾಲೂ ಮಾಡಿದ ಕೂಡಲೇ ಚಿತ್ರ ಬರಲಿಲ್ಲವೆಂದು ಆರಿಸಬೇಡಿ. ಎಎಂ5 ಬೋರ್ಡುಗಳು ಡಿಡಿಆರ್5 ರ‍್ಯಾಮಿಗೆ ಹೊಂದಿಕೊಳ್ಳಲು ಮೊದಲ ಸಲ ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಫ್ಯಾನ್ ತಿರುಗುತ್ತಿದ್ದರೆ ಕಾಯಿರಿ. ಬೋರ್ಡಿನ ಅಂಚಿನಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಎಂದು ಗುರುತಿಸಿದ ಪುಟ್ಟ ದೀಪಗಳಿದ್ದರೆ, ಯಾವುದು ಉರಿದೇ ಇರುತ್ತದೋ ಅಲ್ಲಿಂದ ಹುಡುಕಾಟ ಶುರು ಮಾಡಿ.

ಬಯೋಸ್ ಪರದೆ ಬಂದ ಮೇಲೆ ತಾಪಮಾನ ಮತ್ತು ಫ್ಯಾನಿನ ವೇಗ ನೋಡಿ. 40ರಿಂದ 55 ಡಿಗ್ರಿಯ ಸುತ್ತಮುತ್ತ ನಿಂತರೆ ನೆಮ್ಮದಿ. ಏನೂ ಕೆಲಸವಿಲ್ಲದೆ ಒಂದೆರಡು ನಿಮಿಷದಲ್ಲೇ 80, 90 ಎಂದು ಏರುತ್ತಲೇ ಹೋದರೆ ತಕ್ಷಣ ಆರಿಸಿ. ಪ್ಲಾಸ್ಟಿಕ್ ಹಾಳೆ ಉಳಿದಿದೆ, ಗೂಟ ಸೇರಿಲ್ಲ, ಅಥವಾ ಫ್ಯಾನ್ ತಿರುಗುತ್ತಿಲ್ಲ. ಭಾರದ ಕೆಲಸ ಕೊಟ್ಟಾಗಿನ ಲೆಕ್ಕ ಬೇರೆ. ರೈಜೆನ್ 7000ರ ಮೇಲ್ಮಟ್ಟದ ಹಲವು ಮಾದರಿಗಳು 95 ಡಿಗ್ರಿಯವರೆಗೆ ಏರಿ ಅಲ್ಲಿಯೇ ನಿಲ್ಲುವಂತೆ ರೂಪುಗೊಂಡಿವೆ. ಕೋಣೆಯ ತಾಪವೂ ಸೇರುತ್ತದೆ ಎಂಬುದನ್ನು ಮರೆಯಬೇಡಿ: ಜನವರಿಯಲ್ಲಿ 25 ಡಿಗ್ರಿಯ ಕೋಣೆಯಲ್ಲಿ 70 ತೋರಿಸಿದ ಪ್ರೊಸೆಸರ್, ಮೇ ತಿಂಗಳಲ್ಲಿ 38 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 80 ದಾಟುವುದು ದೋಷವಲ್ಲ.

ಮುಂದೆಂದಾದರೂ ಬಿಚ್ಚುವಾಗ

ಹಳೆಯ ಪೇಸ್ಟ್ ಗಟ್ಟಿಯಾಗಿ ಕೂಲರನ್ನೂ ಪ್ರೊಸೆಸರನ್ನೂ ಅಂಟಿಸಿಬಿಟ್ಟಿರುತ್ತದೆ. ಎಎಂ4ರಲ್ಲಿ ಇದು ನಿಜವಾದ ಅಪಾಯ. ಕೂಲರನ್ನು ನೇರ ಮೇಲೆಳೆದರೆ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಅದರೊಂದಿಗೇ ಕಿತ್ತು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಭಾರದ ಕೆಲಸದಲ್ಲಿ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಆರಿಸಿ, ಪ್ಲಗ್ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಉಳಿದ ವಿದ್ಯುತ್ ಹೋಗಲಾಡಿಸಿ. ಫ್ಯಾನಿನ ಕೇಬಲ್ ತೆಗೆದು, ಸ್ಕ್ರೂಗಳನ್ನು ಎದುರುಬದುರಾಗಿ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚಿ. ಅಂಟು ಬಿಟ್ಟದ್ದು ಕೈಗೆ ತಿಳಿದ ಮೇಲಷ್ಟೇ ಎತ್ತಿ. ಒಮ್ಮೆ ಎತ್ತಿದ ಕೂಲರನ್ನು ಅದೇ ಪೇಸ್ಟಿನ ಮೇಲೆ ಮತ್ತೆ ಇಡಬಾರದು, ನಡುವೆ ಗಾಳಿ ಸೇರಿರುತ್ತದೆ. ಎರಡೂ ಮೇಲ್ಮೈಗಳನ್ನು ಆಲ್ಕೋಹಾಲಿನಿಂದ ಬಟ್ಟೆಗೆ ಬೂದು ಬಣ್ಣ ಹತ್ತದಷ್ಟು ಒರೆಸಿ, ಆರಿದ ಮೇಲೆ ಹೊಸ ಪೇಸ್ಟ್ ಹಾಕಿ ಬಿಗಿಯಿರಿ.